ಮಂಕಾದ ಗಿಟಾರಿಗೆ ಹೊಸ ಗಿಟಾರೇ ಮದ್ದಲ್ಲ

ಮಾನ್ಯ ಸಂಪಾದಕರೇ,

ಕಾಲೇಜು ಬ್ಯಾಂಡ್‌ಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಜಿಲ್ಲಾ ಕೇಂದ್ರಗಳ ಹುಡುಗ ಹುಡುಗಿಯರು ಎಲೆಕ್ಟ್ರಿಕ್ ಗಿಟಾರ್ ಹಿಡಿದು ವೇದಿಕೆ ಹತ್ತುತ್ತಿರುವುದನ್ನು ಪತ್ರಿಕೆ ಗಮನಿಸಿದ್ದು ಒಳ್ಳೆಯದೇ. ಆದರೆ ಅದರಲ್ಲಿದ್ದ ಒಂದು ಸಲಹೆಗೆ ನನ್ನ ತಕರಾರಿದೆ. ಗಿಟಾರಿನ ದನಿ ಮಂಕಾಗಿ ಕೇಳಿಸುತ್ತಿದ್ದರೆ ಅದಕ್ಕಿಂತ ದುಬಾರಿ ಗಿಟಾರ್ ಕೊಳ್ಳುವುದೇ ದಾರಿ ಎಂಬ ಅರ್ಥದ ಮಾತು ಅಲ್ಲಿತ್ತು. ನಾನು ಶಿವಮೊಗ್ಗದಲ್ಲಿ ಆಂಪ್ಲಿಫೈಯರ್, ಮಿಕ್ಸರ್, ಕೀಬೋರ್ಡ್ ರಿಪೇರಿ ಮಾಡಿಕೊಂಡಿರುವವನು. ಮಂಕಾದ ಗಿಟಾರ್‌ಗಳು ನನ್ನ ಅಂಗಡಿಗೂ ಬರುತ್ತವೆ. ಮನೆಯವರು ಕಷ್ಟಪಟ್ಟು ಕೊಡಿಸಿದ್ದನ್ನು ಅರ್ಧ ಬೆಲೆಗೆ ಮಾರಿ ಮತ್ತೊಂದಕ್ಕೆ ಸಾಲ ಮಾಡಲು ಹೊರಟ ಮಕ್ಕಳನ್ನು ನೋಡಿದ್ದೇನೆ. ಅವರಲ್ಲಿ ಬಹುತೇಕರಿಗೆ ಅದರ ಅಗತ್ಯವೇ ಇರಲಿಲ್ಲ. ಅದನ್ನು ಹೇಳಲೆಂದೇ ಈ ಪತ್ರ.

ತಂತಿಯ ಕೆಳಗೆ ಕೂತಿರುವ ಪಿಕಪ್ ಎಂದರೆ, ಅಯಸ್ಕಾಂತದ ಸುತ್ತ ಸುಮಾರು 0.06 ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಕಾಯಿಲ್. ಮೇಲೆ ಉಕ್ಕಿನ ತಂತಿ ಕಂಪಿಸಿದಂತೆ ಇದರಲ್ಲಿ ಪುಟ್ಟ ವೋಲ್ಟೇಜ್ ಹುಟ್ಟುತ್ತದೆ. ಅದು ಬಹಳ ದುರ್ಬಲವಾದ ಸಿಗ್ನಲ್. ಪಿಕಪ್‌ನಿಂದ ಹೊರಟು ಸ್ಪೀಕರ್ ಸೇರುವ ಹೊತ್ತಿಗೆ ದಾರಿಯಲ್ಲಿ ಸಿಕ್ಕವರೆಲ್ಲ ಅದರಿಂದ ಸ್ವಲ್ಪ ಸ್ವಲ್ಪ ಸುಂಕ ಕಿತ್ತುಕೊಳ್ಳುತ್ತಾರೆ, ಅದೂ ಮೊದಲು ಟ್ರೆಬಲ್‌ನಿಂದಲೇ, ಅಂದರೆ ದನಿಯ ತೀಕ್ಷ್ಣ ಭಾಗದಿಂದಲೇ. ಆದ್ದರಿಂದ ದನಿ ಮಂಕಾಗಿದೆ ಎಂದಾಗ ನಾನು ಮರ ಯಾವುದು, ಕಂಪನಿ ಯಾವುದು ಎಂದು ಕೇಳುವುದಿಲ್ಲ. ತಂತಿ ಯಾವಾಗ ಬದಲಾಯಿಸಿದ್ದು, ಕೇಬಲ್ ಎಷ್ಟುದ್ದ, ಎಲ್ಲಿಗೆ ಸಿಗಿಸುತ್ತೀರಿ ಎಂದು ಕೇಳುತ್ತೇನೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಆಗುವುದು ಈ ಕೊನೆಯ ಜಾಗದಲ್ಲಿ. ಗಣೇಶನ ಪೆಂಡಾಲ್, ರಾಜ್ಯೋತ್ಸವ, ಕಾಲೇಜು ಡೇ, ಎಲ್ಲಿಯೇ ರಸಮಂಜರಿ ನಡೆದರೂ ಪ್ರತಿಯೊಬ್ಬ ಗಿಟಾರ್ ವಾದಕನಿಗೂ ಆಂಪ್ ಇರುವುದಿಲ್ಲ. ಮೈಕ್‌ಸೆಟ್‌ನವರು ಒಂದು ಉದ್ದ ವೈರ್ ಕೊಟ್ಟು ‘ಇದಕ್ಕೆ ಹಾಕ್ಕೊಳಿ’ ಅನ್ನುತ್ತಾರೆ. ಅದರ ಇನ್ನೊಂದು ತುದಿ ನೇರ ಮಿಕ್ಸರ್‌ನ ಲೈನ್ ಇನ್‌ಪುಟ್‌ನಲ್ಲಿರುತ್ತದೆ. ಕೀಬೋರ್ಡಿಗೆ ಇದರಿಂದ ಏನೂ ತೊಂದರೆಯಿಲ್ಲ. ಗಿಟಾರಿಗೆ ಮಾತ್ರ ಇದು ಮಾರಕ. ಗಿಟಾರ್ ಪಿಕಪ್‌ಗೆ ಎದುರಿನಲ್ಲಿ 10 ಲಕ್ಷ ಓಮ್‌ನಷ್ಟು ರೋಧ, ಅಂದರೆ 1 ಮೆಗಾ ಓಮ್ ಇರಬೇಕು. ಮಿಕ್ಸರ್‌ನ ಲೈನ್ ಇನ್‌ಪುಟ್‌ನಲ್ಲಿ ಸಾಮಾನ್ಯವಾಗಿ ಸಿಗುವುದು 10 ಸಾವಿರ ಓಮ್ ಆಸುಪಾಸು. ಸಾಧಾರಣ ಸಿಂಗಲ್ ಕಾಯಿಲ್ ಪಿಕಪ್‌ನ ಲೆಕ್ಕ ಹಾಕಿದರೆ, ಇಂಥ ಕಡೆ 1000 ಹರ್ಟ್ಸ್ ದಾಟುತ್ತಿದ್ದಂತೆಯೇ ದನಿ ಇಳಿಯತೊಡಗುತ್ತದೆ. ಗಿಟಾರಿನ ಹೊಳಪು ಇರುವುದೇ 2000ದಿಂದ 5000 ಹರ್ಟ್ಸ್ ನಡುವೆ. ಆಮೇಲೆ ಮಿಕ್ಸರ್‌ನಲ್ಲಿ ಟ್ರೆಬಲ್ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಕೇಳಿಸುವುದು ಬರೀ ಸರಸರ ಸದ್ದು. ಲಕ್ಷ ರೂಪಾಯಿಯ ಗಿಟಾರ್ ತಂದು ಅದೇ ತೂತಿಗೆ ಸಿಗಿಸಿದರೂ ಅದೇ ಗತಿ.

ಇದಕ್ಕೆ ಪರಿಹಾರ, ಗಿಟಾರ್ ಮತ್ತು ಮಿಕ್ಸರ್ ನಡುವೆ ಸಿಗಿಸಿ ಗಿಟಾರಿಗೆ ಬೇಕಾದ ಹೆಚ್ಚಿನ ರೋಧ ಒದಗಿಸುವ ಡಿಐ ಬಾಕ್ಸ್. 1 ಮೆಗಾ ಓಮ್ ಇನ್‌ಪುಟ್ ಇರುವ ಆ್ಯಕ್ಟಿವ್ ಡಿಐ ಆದರೆ ಉತ್ತಮ. ಕೆಲವು ಮಿಕ್ಸರ್‌ಗಳಲ್ಲಿ ಒಂದು ಚಾನೆಲ್‌ಗೆ ಹೈ-ಝಡ್ ಎಂಬ ಸ್ವಿಚ್ ಇರುತ್ತದೆ, ಅದು ಕೂಡ ಇದೇ ಕೆಲಸಕ್ಕೆ. ಅದೂ ಇಲ್ಲದಿದ್ದರೆ ಬಫರ್ (ದುರ್ಬಲ ಸಿಗ್ನಲ್ ದಾರಿಯಲ್ಲಿ ಸೋರದಂತೆ ಕಾಯುವ ಸರ್ಕ್ಯೂಟ್) ಇರುವ ಯಾವುದಾದರೂ ಪೆಡಲ್ ಅನ್ನು ಗಿಟಾರಿನ ಹತ್ತಿರವೇ ಇಟ್ಟುಕೊಂಡರೆ ಸಾಕಷ್ಟು ಉಳಿಯುತ್ತದೆ. ಬಾಸ್ ಕಂಪನಿಯ ಟಿಯು-3 ಟ್ಯೂನರ್ ಬಹಳ ಮಕ್ಕಳ ಬಳಿ ಇರುತ್ತದೆ. ಅದು ಶ್ರುತಿ ನೋಡುವುದಕ್ಕಷ್ಟೇ ಅಲ್ಲ, ಅದರೊಳಗೆ ಬಫರ್ ಕೂಡ ಇದೆ.

ಕೇಬಲ್ ವಿಷಯ. ಗಿಟಾರ್ ಕೇಬಲ್ ಒಂದು ಮೀಟರಿಗೆ ಸುಮಾರು 100 ಪಿಕೊಫ್ಯಾರಡ್‌ನ ಕೆಪಾಸಿಟರ್ (ವಿದ್ಯುದಾವೇಶ ಹಿಡಿದಿಡುವ ಬಿಡಿಭಾಗ) ಇದ್ದಂತೆ. ಪಿಕಪ್‌ನ ಕಾಯಿಲ್ ಮತ್ತು ಕೇಬಲ್‌ನ ಕೆಪಾಸಿಟೆನ್ಸ್ ಸೇರಿ ಒಂದು ಕಡೆ ದನಿಯನ್ನು ಎತ್ತಿ ಹಿಡಿಯುತ್ತವೆ, ಅದರಾಚೆಯದು ಬಿದ್ದುಹೋಗುತ್ತದೆ. 3 ಮೀಟರ್ ಕೇಬಲ್‌ನಲ್ಲಿ ಆ ಎತ್ತರ 5000 ಹರ್ಟ್ಸ್ ಹತ್ತಿರ ಇದ್ದರೆ, 10 ಮೀಟರ್ ಎಳೆದಾಗ 3000ಕ್ಕೆ ಜಾರುತ್ತದೆ. ಇದು ಕಿವಿಗೆ ಚೆನ್ನಾಗಿಯೇ ಗೊತ್ತಾಗುವ ವ್ಯತ್ಯಾಸ. ಮನೆಯಲ್ಲಿ ಚೆನ್ನಾಗಿದ್ದ ಗಿಟಾರ್ ವೇದಿಕೆಯಲ್ಲಿ ಕಂಬಳಿ ಹೊದ್ದಂತೆ ಕೇಳಿಸಲು ಇದೂ ಒಂದು ಕಾರಣ.

ತಂತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ, ಕರಾವಳಿಯಲ್ಲಂತೂ ವರ್ಷವಿಡೀ, ಬೆವರು ಮತ್ತು ತೇವಕ್ಕೆ ತಂತಿ ಬೇಗ ಸಾಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಇನ್ನೂ ಹೊಳಪು ಬೇಕೆಂದರೆ ನಿಕ್ಕಲ್ ಲೇಪದ ತಂತಿಯ ಬದಲು ಸ್ಟೇನ್‌ಲೆಸ್ ಸ್ಟೀಲ್ ತಂತಿ ಹಾಕಿ ನೋಡಿ.

ಇಷ್ಟೆಲ್ಲ ಸರಿಯಿದ್ದೂ ಮಂಕು ಹೋಗದಿದ್ದರೆ ಆಗ ಗಿಟಾರ್ ಬಿಚ್ಚಬೇಕು. ಭದ್ರಾವತಿಯ ಡಿಪ್ಲೊಮಾ ಹುಡುಗನೊಬ್ಬ ಎರಡು ಹಂಬಕರ್ ಪಿಕಪ್‌ಗಳಿದ್ದ ಗಿಟಾರ್ ತಂದಿದ್ದ. ಹಂಬಕರ್ ಎಂದರೆ ಗಿಬ್ಸನ್ ಕಂಪನಿಯ ಸೇತ್ ಲವರ್ ಅವರು 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಜೋಡಿ ಕಾಯಿಲ್ ಪಿಕಪ್. ಕರೆಂಟಿನ ಗುಂಯ್‌ಗುಟ್ಟುವಿಕೆಯನ್ನು ಕೊಲ್ಲಲೆಂದು ಮಾಡಿದ್ದು. ಅದರ ದನಿ ಸಹಜವಾಗಿಯೇ ಸ್ವಲ್ಪ ದಪ್ಪ. ವಾಲ್ಯೂಮ್, ಟೋನ್ ಗುಂಡಿಗಳ ಕೆಳಗೆ ಪಾಟ್ ಎಂಬ, ತಿರುಗಿಸಿದಂತೆ ರೋಧ ಬದಲಾಗುವ ಭಾಗ ಇರುತ್ತದೆ; ಅದರ ರೋಧ ಕಡಿಮೆಯಾದಷ್ಟೂ ಹೊಳಪು ಸೋರುತ್ತದೆ. ಹಾಗಾಗಿ ಹಂಬಕರ್‌ಗೆ 500ಕೆ, ಅಂದರೆ 5 ಲಕ್ಷ ಓಮ್‌ನ ಪಾಟ್ ಹಾಕುವುದು ರೂಢಿ. 250ಕೆ ಇರುವುದು ಫೆಂಡರ್ ಸ್ಟ್ರಾಟೊಕಾಸ್ಟರ್ ಮಾದರಿಯ ಸಿಂಗಲ್ ಕಾಯಿಲ್‌ಗೆ. ಹುಡುಗನ ಗಿಟಾರಿನ ಹಿಂದಿನ ಪ್ಲೇಟ್ ತೆಗೆದರೆ ವಾಲ್ಯೂಮ್, ಟೋನ್ ಎರಡರ ಬೆನ್ನಿಗೂ ‘ಬಿ250ಕೆ’ ಎಂದು ಅಚ್ಚಾಗಿತ್ತು. ಎರಡೂ ಸಮಾಂತರವಾಗಿ ಸೇರಿ ಪಿಕಪ್ ಮೇಲೆ 125ಕೆ ಹೊರೆ. ಎರಡನ್ನೂ ‘ಎ500ಕೆ’ಗೆ ಬದಲಾಯಿಸಿದೆ. ಎ ಅಂದರೆ ಕಿವಿಗೆ ಒಪ್ಪುವಂತೆ ಏರಿಳಿಯುವ ಲಾಗ್ ಪಾಟ್, ಬಿ ಅಂದರೆ ಒಂದೇ ಸಮನಾಗಿ ಏರಿಳಿಯುವ ಲೀನಿಯರ್. ಪಾಟ್‌ನ ಬೆನ್ನಿಗೆ ಅರ್ತ್ ವೈರ್ ಬೆಸೆಯಲು 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಸಾಲದು. ಹೊತ್ತುಗಟ್ಟಲೆ ಒತ್ತಿ ಹಿಡಿದರೆ ಒಳಗಿನ ಕಾರ್ಬನ್ ಪಟ್ಟಿ ಸುಡುತ್ತದೆ. 60 ವ್ಯಾಟ್‌ನದರಲ್ಲಿ ಬೇಗ ಬೆಸೆದು ಬಿಡಬೇಕು, ಅದಕ್ಕೂ ಮೊದಲು ಬೆನ್ನನ್ನು ಅರದಲ್ಲಿ ಉಜ್ಜಿಕೊಳ್ಳಬೇಕು. ವಾಲ್ಯೂಮ್ ಪಾಟ್‌ನ ಇನ್‌ಪುಟ್, ಔಟ್‌ಪುಟ್ ಕಾಲುಗಳ ನಡುವೆ 1000 ಪಿಕೊಫ್ಯಾರಡ್ ಕೆಪಾಸಿಟರ್, ಅದಕ್ಕೆ ಜೊತೆಯಾಗಿ 150ಕೆ ರೆಸಿಸ್ಟರ್ ಕೂಡ ಸೇರಿಸಿದೆ. ಇದಕ್ಕೆ ಟ್ರೆಬಲ್ ಬ್ಲೀಡ್ ಅನ್ನುತ್ತಾರೆ. ಇದಿದ್ದರೆ ವಾಲ್ಯೂಮ್ ತಗ್ಗಿಸಿದಾಗ ದನಿ ಮಬ್ಬಾಗುವುದಿಲ್ಲ. ಜೋಡಿಸಿ ಕೊಟ್ಟಾಗ ಹುಡುಗ ಕಾರ್ಡ್ (ಹಲವು ಸ್ವರಗಳ ಗುಚ್ಛ) ಹಿಡಿದ. ಮೊದಲು ಮುದ್ದೆಯಾಗಿ ಕೇಳುತ್ತಿದ್ದ ಆರು ತಂತಿಗಳು ಬೇರೆ ಬೇರೆಯಾಗಿ ಕೇಳಿಸಿದವು. ಪಾಟ್‌ಗೆ ಆದ ಖರ್ಚು ಒಂದು ಸೆಟ್ ತಂತಿಗಿಂತ ಕಡಿಮೆ.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಪಾಟ್ ಕೊಳ್ಳುವ ಮಕ್ಕಳಿಗೊಂದು ಮಾತು. ಹಳೆಯ ಪಾಟನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಅಮೆರಿಕದ ಅಳತೆಯ ಪಾಟ್‌ಗೆ ತೂತು ಅಗಲವಿರಬೇಕು, ಅದರ ದಂಡದ ಹಲ್ಲುಗಳ ಲೆಕ್ಕವೂ ಬೇರೆ. ಏಷ್ಯಾದಲ್ಲಿ ತಯಾರಾದ ಗಿಟಾರಿನ ಗುಂಡಿ ಸಾಮಾನ್ಯವಾಗಿ ಅದಕ್ಕೆ ಕೂರುವುದಿಲ್ಲ.

ಪಿಕಪ್ ಬದಲಾಯಿಸುವುದು ಕೊನೆಯ ಮಾತು. ಅದಕ್ಕೂ ಮೊದಲು ಸ್ಕ್ರೂಡ್ರೈವರ್‌ನಿಂದ ಪಿಕಪ್‌ನ ಎತ್ತರವನ್ನು, ಅದರಲ್ಲೂ ದಪ್ಪ ತಂತಿಗಳ ಕಡೆ, ಸ್ವಲ್ಪ ಇಳಿಸಿ ನೋಡಿ. ಬದಲಾಯಿಸಲೇಬೇಕೆಂದರೆ ‘ಹೈ ಔಟ್‌ಪುಟ್’ ಎಂಬ ಮಾತಿಗೆ ಮರುಳಾಗಬೇಡಿ. ಸುತ್ತು ಹೆಚ್ಚಿದಷ್ಟೂ ಜೋರು ಹೆಚ್ಚುತ್ತದೆ, ಹೊಳಪು ಕಡಿಮೆಯಾಗುತ್ತದೆ. ಹೊಳಪು ಬೇಕಾದವರಿಗೆ ಕಡಿಮೆ ಸುತ್ತಿನ, ಆಲ್ನಿಕೊ 5 ಅಯಸ್ಕಾಂತದ ಪಿಕಪ್ ಒಳ್ಳೆಯದು. ಹಂಬಕರ್‌ನಿಂದ ನಾಲ್ಕು ವೈರ್ ಹೊರಬಂದಿದ್ದರೆ ಒಂದು ಪುಶ್-ಪುಲ್ ಪಾಟ್ (ಎಳೆದರೆ ಸ್ವಿಚ್‌ನಂತೆ ಕೆಲಸ ಮಾಡುವಂಥದ್ದು) ಹಾಕಿ, ಒಂದೇ ಕಾಯಿಲ್ ನುಡಿಯುವಂತೆಯೂ ಮಾಡಬಹುದು. ಇಷ್ಟು ಮಾಡಿದರೂ ಹಂಬಕರ್ ಪೂರ್ತಿಯಾಗಿ ಸ್ಟ್ರಾಟೊಕಾಸ್ಟರ್ ಆಗುವುದಿಲ್ಲ. ಆ ದನಿಯೇ ಬೇಕೆನ್ನುವವರು ಬೇರೆ ಗಿಟಾರ್ ಕೊಂಡರೆ ನನ್ನ ಆಕ್ಷೇಪವಿಲ್ಲ.

ವಾದ್ಯದಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ: ಗಿಟಾರ್ ಮಾರುವಾಗ ಒಳಗೆ ಯಾವ ಪಾಟ್ ಇದೆ ಎಂದು ಚೀಟಿಯಲ್ಲಿ ಬರೆದು ಕೊಡಿ, ನಾಲ್ಕು 500ಕೆ ಪಾಟ್‌ಗಳನ್ನು ಸ್ಟಾಕ್ ಇಡಿ. ಹಬ್ಬದ ಕಾರ್ಯಕ್ರಮಗಳಿಗೆ ಹೋಗುವ ಮೈಕ್‌ಸೆಟ್‌ನವರು ಪೆಟ್ಟಿಗೆಯಲ್ಲಿ ಒಂದು ಡಿಐ ಬಾಕ್ಸ್ ಇಟ್ಟುಕೊಳ್ಳಲಿ. ಆಯೋಜಕರು ಮೈಕ್‌ಸೆಟ್ ಗೊತ್ತುಮಾಡುವಾಗ, ಎಷ್ಟು ಮೈಕ್, ಎಷ್ಟು ಸ್ಪೀಕರ್ ಎಂದು ಕೇಳುವುದರ ಜೊತೆಗೆ ಅದನ್ನೂ ಕೇಳಲಿ. ನಿಮ್ಮ ಪುರವಣಿಯಲ್ಲಿ ಈ ವಿಷಯಕ್ಕೆ ಅರ್ಧ ಪುಟ ಕೊಟ್ಟರೆ, ವೈರಿಂಗ್ ಚಿತ್ರ ಬರೆದುಕೊಡಲು ನಾನು ಸಿದ್ಧ.

ಇಂತಿ,
ರಿಪೇರಿ ಅಂಗಡಿಯ ಓದುಗ
ಶಿವಮೊಗ್ಗ