ಈ ಭಾನುವಾರ ಕವಾಯಿ ಮಸಹಿರೋ ಬಗ್ಗೆ ಮಾತು

ಸದಸ್ಯರೆಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆಯ ಮಾತುಕತೆಗೆ ಈ ಬಾರಿ ಬೇಸ್‌ಬಾಲ್‌ನ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ವೀರರನ್ನು ಬಿಟ್ಟು ಜಪಾನಿನ ಆಟಗಾರ ಕವಾಯಿ ಮಸಹಿರೋ ಅವರನ್ನು ಆರಿಸಿದ್ದೇನೆ. ಯೋಮಿಉರಿ ಜೈಂಟ್ಸ್ ತಂಡಕ್ಕೆ ಚೆಂಡೆಸೆಯುವ ಪಿಚರ್ ಆಗಿ ಬಂದು ಶಾರ್ಟ್‌ಸ್ಟಾಪ್ (ಒಳಮೈದಾನದ ಕ್ಷೇತ್ರರಕ್ಷಕ) ಆಗಿ ನೆಲೆ ನಿಂತವರು. ಇಡೀ ವೃತ್ತಿಜೀವನದಲ್ಲಿ ಹೊಡೆದ ಹೋಮ್ ರನ್ 43 ಮಾತ್ರ. ಆದರೆ ತ್ಯಾಗದ ಬಂಟ್ (ತಂಡಕ್ಕಾಗಿ ತಾನು ಔಟಾಗಿ ಚೆಂಡನ್ನು ಮೆಲ್ಲಗೆ ತಟ್ಟುವುದು) 533, ಅದು ವಿಶ್ವದಾಖಲೆ! 2003ರಲ್ಲಿ ಅವರು ಹಿಂದಿಕ್ಕಿದ್ದು ಅಮೆರಿಕದ ಎಡ್ಡಿ ಕಾಲಿನ್ಸ್ ಅವರ ಬಹುಕಾಲದ ದಾಖಲೆಯನ್ನು.

ದಯವಿಟ್ಟು ಅವರ ಬಂಟ್‌ನ ಒಂದೆರಡು ವಿಡಿಯೊ ನೋಡಿಕೊಂಡು ಬನ್ನಿ. ಮೇಲಿನ ಕೈ ಬ್ಯಾಟಿನ ನಡುವಿಗೆ ಜಾರುತ್ತದೆ, ಮೊಣಕಾಲು ಬಾಗುತ್ತದೆ, ಬ್ಯಾಟು ಬೀಸುವುದೇ ಇಲ್ಲ. ವೇಗವೆಲ್ಲ ಇಂಗಿದ ಚೆಂಡು ಹುಲ್ಲಿನ ಮೇಲೆ ಮೆಲ್ಲಗೆ ಉರುಳುತ್ತದೆ. ತಾನು ಔಟಾಗಿ ಜೊತೆಗಾರನನ್ನು ಒಂದು ಬೇಸ್ (ಓಟದ ಹಾದಿಯ ನೆಲೆ) ಮುಂದಕ್ಕೆ ದಾಟಿಸುವ ಈ ಕೆಲಸ ನನಗಂತೂ ಸಿಕ್ಸರ್‌ಗಿಂತ ಚೆಂದ.

ಮುಂದೆ ಚುನಿಚಿ ಡ್ರಾಗನ್ಸ್‌ಗೆ ಹೋಗಿ 2006ರಲ್ಲಿ ಆಟ ನಿಲ್ಲಿಸಿದರು. ಆಮೇಲೆ ಅಲ್ಲಿನ ಎರಡನೇ ತಂಡವನ್ನು ಪಳಗಿಸಿದರು, ಜೈಂಟ್ಸ್‌ಗೆ ಮರಳಿ ಅಲ್ಲಿಯೂ ತರಬೇತುದಾರರಾದರು. ಇಂಥವರೇ ಒಳ್ಳೆಯ ಗುರುಗಳಾಗುತ್ತಾರೆ ಎಂದು ನಾನು ನಂಬಿದ್ದೇನೆ. ಒಪ್ಪದವರು ತಪ್ಪದೆ ಬನ್ನಿ, ವಾದಿಸೋಣ.