ಮಗಳಿಗೊಂದು ಪತ್ರ: ಏಲಕ್ಕಿ ಮತ್ತು ಅರಸಿನ ಎಲೆ

ಡೊಂಬಿವಲಿ
7 ಸೆಪ್ಟೆಂಬರ್ 2025

ಪ್ರೀತಿಯ ಮಗಳಿಗೆ,

ಚೌತಿಗೆ ನೀನು ಬಂದ ದಿನ ಬಾಗಿಲಲ್ಲಿ ನಿನ್ನ ಕೈಯಿಂದ ಚೀಲ ತೆಗೆದುಕೊಂಡೆನಲ್ಲ, ಆಗಲೇ ಗೊತ್ತಾಯಿತು. ಬಾಯಲ್ಲಿ ಏಲಕ್ಕಿ ಇತ್ತು. ದುಪಟ್ಟಾದಲ್ಲಿ, ಕೂದಲಲ್ಲಿ ಹೊಗೆ ಇತ್ತು. ಮನೆ ಮೆಟ್ಟಿಲು ಹತ್ತುವ ಮೊದಲು ನಾನೂ ವರ್ಷಗಟ್ಟಲೆ ಏಲಕ್ಕಿ ಜಗಿದವನು. ಸಿಪ್ಪೆ ಸಮೇತ ಎರಡು, ಒಂದು ಈ ದವಡೆಗೆ, ಒಂದು ಆ ದವಡೆಗೆ. ಆ ವಾಸನೆ ನನಗೆ ಗುರುತು ಸಿಗದೇ ಇರುತ್ತದಾ?

ನಿನ್ನ ಅಮ್ಮನಿಗೆ ಹೇಳಿಲ್ಲ. ಹಬ್ಬದ ಗಲಾಟೆಯಲ್ಲಿ ನಿನ್ನ ಹತ್ತಿರ ಮಾತಾಡಲೂ ಆಗಲಿಲ್ಲ. ಫೋನಿನಲ್ಲಿ ಶುರು ಮಾಡಿದರೆ "ಮೀಟಿಂಗ್ ಇದೆ ಅಪ್ಪಯ್ಯ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಬೈಯುವುದಕ್ಕೆ ಕೂತಿಲ್ಲ ಮಗಾ. ಹುಡುಗಿ ಸಿಗರೇಟು ಸೇದಿದಳು ಅನ್ನುವ ಸಿಟ್ಟೂ ಇಲ್ಲ. ನಿನ್ನ ತಮ್ಮ ಸೇದಿದ್ದರೆ ಅವನಿಗೂ ಇದೇ ಪತ್ರ ಹೋಗುತ್ತಿತ್ತು. ಕಳೆದ ವರ್ಷ ಆಗಸ್ಟ್ 1ಕ್ಕೆ ನಾನು ಬಿಟ್ಟೆ. ನೀವೆಲ್ಲ ಖುಷಿಪಟ್ಟಿರಿ. ಆದರೆ ನನ್ನ ಮೈಯೊಳಗೆ ಏನೇನಾಯಿತು ಅಂತ ನಾನು ಯಾರಿಗೂ ಹೇಳಲಿಲ್ಲ. ನಿನಗೆ ಹೇಳಬೇಕು.

ಶುರುವಾದದ್ದು 1987ರಲ್ಲಿ. ಆಗ ನನಗೆ ಹದಿನೆಂಟು. ಮುಂಬೈಯ ಫೋರ್ಟ್ ಪೇಟೆಯ ಹೋಟೆಲಿನಲ್ಲಿ ಹಗಲು ಟೇಬಲ್ ಒರೆಸುವ ಕೆಲಸ, ಸಂಜೆ ರಾತ್ರಿಶಾಲೆ. ಕ್ಲಾಸಿನಲ್ಲಿ ಕಣ್ಣು ಎಳೆಯುತ್ತಿತ್ತು. ಜೊತೆಯವನೊಬ್ಬ "ಒಂದು ದಮ್ ಎಳಿ, ನಿದ್ದೆ ಹಾರಿಹೋಗ್ತದೆ" ಅಂದ. ಹಿಂದಿನ ಗಲ್ಲಿಯಲ್ಲಿ, ಪಾತ್ರೆ ತೊಳೆಯುವ ಜಾಗದ ಪಕ್ಕ ನಿಂತು ಎಳೆದೆ. ನಿದ್ದೆ ಹಾರಿದ್ದು ನಿಜ. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನೊಳಗೆ ನಿಕೋಟಿನ್ ಮೆದುಳಿಗೆ ತಲುಪುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು?

ಊರಲ್ಲಿ ನಿನ್ನ ಅಜ್ಜಿ ಬೀಡಿ ಕಟ್ಟಿ ನಮ್ಮನ್ನು ಸಾಕಿದವಳು. ಮಡಿಲಲ್ಲಿ ಗೆರಸಿ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ, ಸುತ್ತಿ, ನೂಲು ಕಟ್ಟಿ ಬಿಡುತ್ತಿದ್ದಳು. ಒಂದು ದಿನವೂ ಒಂದು ಬೀಡಿ ಬಾಯಿಗಿಟ್ಟವಳಲ್ಲ. ಮುಂಬೈಗೆ ಬಸ್ಸು ಹತ್ತುವಾಗ "ಬೇರೆ ಏನಾದ್ರೂ ಮಾಡು, ಇದೊಂದು ಬೇಡ" ಅಂದಿದ್ದಳು. ಎರಡು ವರ್ಷಕ್ಕೆ ಆ ಮಾತು ತಪ್ಪಿಸಿದೆ. ಮುಂದೆ ಆಫೀಸಿನ ಕೆಲಸ ಸಿಕ್ಕಿತು, ಮದುವೆಯಾಯಿತು, ನೀವಿಬ್ಬರು ಹುಟ್ಟಿದಿರಿ. ದಿನಕ್ಕೊಂದು ಪ್ಯಾಕೆಟ್ ಅಂತ ಲೆಕ್ಕ ಹಾಗೆಯೇ ನಡೆಯಿತು.

ಕಳೆದ ವರ್ಷ ಜುಲೈಯಲ್ಲಿ, ಜೋರು ಮಳೆಯ ದಿನ, ದಾದರ್ ಸ್ಟೇಷನ್ನಿನ ಸೇತುವೆ ಹತ್ತುತ್ತಿದ್ದೆ. ವೆಸ್ಟರ್ನ್ ರೈಲಿನಿಂದ ಸೆಂಟ್ರಲ್ ಕಡೆಗೆ ದಾಟುವ ಸೇತುವೆ, ನಿನಗೆ ಗೊತ್ತಲ್ವಾ. ಅರ್ಧಕ್ಕೆ ಬರುವಾಗ ಉಸಿರು ಸಿಗಲಿಲ್ಲ. ಹಿಂದಿನಿಂದ ಜನ ತಳ್ಳುತ್ತಿದ್ದಾರೆ, ನನ್ನ ಕಾಲು ಏಳುತ್ತಿಲ್ಲ. ಬದಿಯಲ್ಲಿ ಕೊತ್ತಂಬರಿ ಮಾರುವ ಹೆಂಗಸೊಬ್ಬಳು ಬುಟ್ಟಿ ಸರಿಸಿ, "ಬಸಾ ಕಾಕಾ" ಅಂದಳು. ಕೂತೆ. ಅವಳ ಕೊತ್ತಂಬರಿ ಕಟ್ಟುಗಳು ನನ್ನ ಮೊಣಕಾಲಿಗೆ ತಾಗುತ್ತಿದ್ದವು. ನನಗೆ ಅದರ ಪರಿಮಳವೇ ಬರುತ್ತಿರಲಿಲ್ಲ. ಮಳೆಯಲ್ಲಿ ನೆನೆದ ಕೊತ್ತಂಬರಿ, ಇಷ್ಟು ಹತ್ತಿರ, ಏನೂ ಇಲ್ಲ. ಉಸಿರು ಸಿಗದ್ದಕ್ಕಿಂತ ಜಾಸ್ತಿ ನನಗೆ ಹೆದರಿಕೆಯಾದದ್ದು ಅದಕ್ಕೆ.

ಡಾಕ್ಟರ್ ಒಂದು ಕೊಳವೆ ಕೊಟ್ಟು ಜೋರಾಗಿ ಊದಿಸಿದರು. ಸ್ಪೈರೋಮೆಟ್ರಿ ಅಂತ. ಕಾಗದ ಬಂತು. ನನ್ನ ವಯಸ್ಸು 55, ಶ್ವಾಸಕೋಶದ ವಯಸ್ಸು 71 ಅಂತ ಇತ್ತು. ಆ ಕಾಗದ ಮಡಚಿ ಕಿಸೆಯಲ್ಲಿಟ್ಟು ಮನೆಗೆ ಬಂದೆ. ನಿನ್ನ ಅಮ್ಮನಿಗೆ ತೋರಿಸಲು ಎರಡು ದಿನ ಬೇಕಾಯಿತು.

ಪ್ಯಾಕೆಟ್ಟಿನ ಮೇಲೆ ಸಿಗರೇಟು ಬಿಡಲು ಸಹಾಯ ಮಾಡುವವರ ಒಂದು ನಂಬರ್ ಇರುತ್ತದೆ, 1800-11-2356. 2018ರಿಂದ ಎಲ್ಲ ಪ್ಯಾಕೆಟ್ಟಿನಲ್ಲೂ ಇದೆ. ಆರು ವರ್ಷ ಅದನ್ನು ನೋಡಿಯೂ ನೋಡದ ಹಾಗೆ ಬಿಸಾಡಿದವನು ಆ ವಾರ ಫೋನ್ ಮಾಡಿದೆ. ದುಡ್ಡು ಕೊಡಬೇಕಿಲ್ಲ. ಆಚೆಯಿಂದ ಮಾತಾಡಿದ ಹುಡುಗಿ ಒಂದು ದಿನ ಗೊತ್ತು ಮಾಡಿಕೊಳ್ಳಿ ಅಂದಳು. ಆಗಸ್ಟ್ 1 ಅಂತ ನಾನೇ ಹೇಳಿದೆ.

ಮೊದಲ ದಿನದ ಕೆಲಸ ಮೈ ಸದ್ದಿಲ್ಲದೆ ಮಾಡಿಕೊಳ್ಳುತ್ತದೆ. ಕೊನೆಯ ಸಿಗರೇಟಾಗಿ ಇಪ್ಪತ್ತು ನಿಮಿಷಕ್ಕೆ ಎದೆಬಡಿತ, ಬಿಪಿ ಇಳಿಯಲು ಶುರು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಕೂತಿರುತ್ತದೆ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಹಿಡಿಯುತ್ತದೆ ಅದು. ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಸೀಟು ಸಿಕ್ಕವರು ಏಳುತ್ತಾರಾ? ಹಾಗೆ. ಹೊಸ ಹೊಗೆ ಬರದಿದ್ದರೆ ಒಂದೆರಡು ದಿನದೊಳಗೆ ಎದ್ದು ಹೋಗುತ್ತದೆ.

ಆದರೆ ಮನಸ್ಸಿಗೆ ಇದೊಂದೂ ತಿಳಿಯುವುದಿಲ್ಲ. ಎರಡನೆಯ, ಮೂರನೆಯ ದಿನ ಅತಿ ಕಷ್ಟ. ಕೈಗೆ ಕೆಲಸ ಇಲ್ಲ. ಬಾಯಿಗೆ ಏನೋ ಬೇಕು. ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ನಿನ್ನ ಅಮ್ಮನ ಮೇಲೆ ಕೂಗಿದೆ. ಸಾರಿನಲ್ಲಿ ಉಪ್ಪು ಸರಿಯಾಗಿಯೇ ಇತ್ತು. ಅವಳು ಏನೂ ಹೇಳದೆ ಒಳಗೆ ಹೋದಳು. ರಾತ್ರಿ ನಿದ್ದೆ ಇಲ್ಲ, ಬಂದರೆ ಸಿಗರೇಟು ಸೇದಿದ ಕನಸು. ಹೊಟ್ಟೆ ಕಟ್ಟಿತು. ನಿಕೋಟಿನ್ ಗಮ್ ಕೊಟ್ಟಿದ್ದರು. ಬಬಲ್‌ಗಮ್ ಹಾಗೆ ಜಗಿಯಬಾರದು ಅದನ್ನು. ನಾಲ್ಕು ಸಲ ಜಗಿದು, ಖಾರ ಬಂದ ಕೂಡಲೇ ಕೆನ್ನೆಯ ಒಳಗೆ ಒತ್ತಿ ಇಡಬೇಕು. ಖಾರ ಹೋದ ಮೇಲೆ ಮತ್ತೆ ಜಗಿಯಬೇಕು. ಮೊದಲ ದಿನ ಗೊತ್ತಾಗದೆ ಒಂದೇ ಸಮ ಜಗಿದು, ಬಿಕ್ಕಳಿಕೆ ಬಂದು ಎದೆ ಉರಿಯಿತು.

ಇನ್ನೊಂದು ವಿಷಯ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸಿಗರೇಟಿನ ಹೊಗೆ ಮೈಯಲ್ಲಿರುವಾಗ ಕಾಫಿಯ ಕೆಫೀನ್ ಬೇಗ ಕರಗಿಹೋಗುತ್ತದೆ. ಬಿಟ್ಟ ಮೇಲೆ ಅದೇ ಎರಡು ಲೋಟ ಕಾಫಿ ನಾಲ್ಕು ಲೋಟದ ಹಾಗೆ ಏರುತ್ತದೆ. ಎದೆ ಢವಢವ, ಕೈ ನಡುಕ. ನಾನು ಅದನ್ನೂ ಸಿಗರೇಟು ಬಿಟ್ಟ ಸಂಕಟ ಅಂದುಕೊಂಡಿದ್ದೆ. ಡಾಕ್ಟರ್ ಕೇಳಿ ಕಾಫಿ ಅರ್ಧ ಮಾಡಿಸಿದರು. ಸರಿಯಾಯಿತು. ನೀನು ಮೆಷಿನ್ ಕಾಫಿ ಎಷ್ಟು ಕುಡಿಯುತ್ತೀಯ ಅಂತ ನನಗೆ ಗೊತ್ತು, ನೆನಪಿಟ್ಟುಕೋ.

ಒಂದು ವಾರಕ್ಕೆ ಕೆಮ್ಮು ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಕಂದು ಬಣ್ಣದ ಕಫ. ಬಿಟ್ಟದ್ದೇ ತಪ್ಪಾಯಿತಾ ಅಂತ ಹೆದರಿದೆ. ಶ್ವಾಸನಾಳದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆಯಂತೆ. ಧೂಳು, ಕಫ ಎಲ್ಲ ಗುಡಿಸಿ ಮೇಲೆ ತಳ್ಳುವುದು ಅವುಗಳ ಕೆಲಸ. ಹೊಗೆ ಅವನ್ನು ಮಲಗಿಸಿಟ್ಟಿರುತ್ತದೆ. ಹೊಗೆ ನಿಂತ ಮೇಲೆ ಅವು ಎದ್ದು ಗುಡಿಸಲು ಶುರು ಮಾಡುತ್ತವೆ. ಆ ಕೆಮ್ಮು ಅದು. ಎರಡು ತಿಂಗಳು ಹಿಡಿಯಿತು ನನಗೆ.

ಆಗಸ್ಟ್ 9, ನಾಗರಪಂಚಮಿ. ಬಿಟ್ಟು ಒಂಬತ್ತನೆಯ ದಿನ. ಆಫೀಸಿನಿಂದ ಬಂದು ನಮ್ಮ ಬಿಲ್ಡಿಂಗಿನ ಮೊದಲನೆಯ ಮಹಡಿಯ ಮೆಟ್ಟಿಲಲ್ಲಿದ್ದೆ. ಅರಸಿನ ಎಲೆಯ ಪರಿಮಳ ಬಂತು. ಮೇಲೆ, ಮೂರನೆಯ ಮಹಡಿಯಲ್ಲಿ, ಅಮ್ಮ ಕಡುಬು ಬೇಯಿಸುತ್ತಿದ್ದಳು. ಎಲೆ ಬೆಂದ ಹಬೆ, ಅದರೊಳಗೆ ಬೆಲ್ಲ, ತೆಂಗಿನಕಾಯಿ, ಒಂದೊಂದೂ ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಮೆಟ್ಟಿಲಿನ ಕಂಬಿ ಹಿಡಿದು ಅಲ್ಲೇ ನಿಂತೆ. ಊರಿನ ಅಡುಗೆಮನೆಯೇ ಇಳಿದು ಬಂದ ಹಾಗೆ. ಮೇಲೆ ಹೋಗಿ ಬಿಸಿ ಕಡುಬಿನ ಎಲೆ ಬಿಡಿಸಿ, ತಿನ್ನುವ ಮೊದಲು ಮುಖದ ಹತ್ತಿರ ಹಿಡಿದುಕೊಂಡು ಕೂತಿದ್ದೆ. ಅಮ್ಮ "ಏನಾಯ್ತು, ಹಾಳಾಗಿದೆಯಾ" ಅಂತ ಕೇಳಿದಳು. ನನಗೆ ಮಾತು ಹೊರಡಲಿಲ್ಲ. ಇಷ್ಟು ವರ್ಷ ಅವಳು ಪ್ರತಿ ಪಂಚಮಿಗೂ ಅದನ್ನು ಮಾಡಿದ್ದಳು. ನಾನು ಬರೀ ಸಿಹಿ ಅಂತ ತಿಂದಿದ್ದೆ.

ಮೂರು ತಿಂಗಳಿಗೆ ದಾದರಿನ ಸೇತುವೆ ನಿಲ್ಲದೆ ಹತ್ತಿದೆ. ಐದು ಕಿಲೋ ತೂಕ ಏರಿತು, ಅದು ಸಹಜವಂತೆ, ಸಂಜೆ ನಡೆದು ಮೂರು ಇಳಿಸಿದೆ. ವರ್ಷ ತುಂಬಿದಾಗ ಡಾಕ್ಟರ್ ಹೇಳಿದ್ದು, ಸಿಗರೇಟಿನಿಂದ ಬಂದಿದ್ದ ಹೃದಯಾಘಾತದ ಹೆಚ್ಚುವರಿ ಅಪಾಯ ಈಗ ಸುಮಾರು ಅರ್ಧಕ್ಕೆ ಇಳಿದಿದೆ ಅಂತ.

ಈಗ ವಾಪಸ್ ಬಾರದ್ದನ್ನೂ ಹೇಳುತ್ತೇನೆ. ಮತ್ತೆ ಊದಿಸಿದರು. ಸ್ವಲ್ಪ ಸುಧಾರಿಸಿದೆ, ಅಷ್ಟೇ. ಶ್ವಾಸಕೋಶದ ತುದಿಯಲ್ಲಿ ಗಾಳಿ ತುಂಬುವ ಪುಟ್ಟ ಪುಟ್ಟ ಚೀಲಗಳಿವೆ. ಅವು ಒಡೆದು ಒಂದಾಗಿಬಿಟ್ಟರೆ ಮತ್ತೆ ಹುಟ್ಟುವುದಿಲ್ಲ. ಇನ್ನು ಮುಂದೆ ಬೇಗ ಬೇಗ ಹಾಳಾಗುವುದು ನಿಂತಿತು, ಹೋದದ್ದು ಹೋಯಿತು. ಅದನ್ನು ನಾನು ಒಪ್ಪಿಕೊಂಡಿದ್ದೇನೆ.

ನಿನಗೆ ಹೇಳಬೇಕಾದದ್ದು ಇಲ್ಲಿದೆ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್, ಬ್ರಾಡ್‌ಫರ್ಡ್ ಹಿಲ್ ಅನ್ನುವ ಇಬ್ಬರು 1951ರಲ್ಲಿ ಮೂವತ್ತು ಸಾವಿರಕ್ಕೂ ಜಾಸ್ತಿ ಡಾಕ್ಟರುಗಳನ್ನು ಕೇಳಿ, ಯಾರು ಸೇದುತ್ತಾರೆ, ಎಷ್ಟು ಅಂತ ಬರೆದಿಟ್ಟರು. ಅದೇ ಡಾಕ್ಟರುಗಳನ್ನು ನೋಡುತ್ತ ಆ ಅಧ್ಯಯನ ಐವತ್ತು ವರ್ಷ ನಡೆಯಿತು. ಸೇದುತ್ತಲೇ ಇದ್ದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲು ತೀರಿಕೊಂಡರು. 60ಕ್ಕೆ ಬಿಟ್ಟವರಿಗೆ ಅದರಲ್ಲಿ 3 ವರ್ಷ ವಾಪಸ್ ಸಿಕ್ಕಿತು. 50ಕ್ಕೆ ಬಿಟ್ಟವರಿಗೆ 6. 40ಕ್ಕೆ ಬಿಟ್ಟವರಿಗೆ 9. 30ಕ್ಕೆ ಬಿಟ್ಟವರಿಗೆ ಹೆಚ್ಚುಕಡಿಮೆ ಹತ್ತಕ್ಕೆ ಹತ್ತೂ.

ನಾನು 55ಕ್ಕೆ ಬಿಟ್ಟೆ. ನನ್ನದು ಮೂರಕ್ಕೂ ಆರಕ್ಕೂ ನಡುವೆ ಎಲ್ಲೋ. ನಿನಗೆ ಈಗ 27.

"ದಿನಕ್ಕೆ ಎರಡೇ ಅಪ್ಪಯ್ಯ" ಅನ್ನುತ್ತೀಯ, ಗೊತ್ತು. ನಾನೂ ಎರಡರಿಂದಲೇ ಶುರು ಮಾಡಿದ್ದು. ಒಂದು ಸೇದಿದರೆ ಇಪ್ಪತ್ತು ಸೇದಿದ್ದರ ಇಪ್ಪತ್ತನೆಯ ಒಂದು ಭಾಗ ತೊಂದರೆ ಅಂತ ಲೆಕ್ಕ ಹಾಕಬೇಡ. ಹೃದಯದ ವಿಷಯದಲ್ಲಿ ದಿನಕ್ಕೆ ಒಂದೇ ಸೇದಿದರೂ, ಇಪ್ಪತ್ತು ಸೇದುವವರಿಗೆ ಬರುವ ಹೆಚ್ಚುವರಿ ಅಪಾಯದ ಅರ್ಧದ ಹತ್ತಿರ ಬಂದುಬಿಡುತ್ತದೆ. ಒತ್ತಿದರೆ ಪುದೀನ ಬರುವ ಸಿಗರೇಟಾದರೂ, ಸಪೂರದ್ದಾದರೂ ಹೊಗೆ ಹೊಗೆಯೇ. ಗಂಟಲಿಗೆ ತಂಪಾದರೆ ಇನ್ನೂ ಆಳಕ್ಕೆ ಎಳೆಯುತ್ತೇವೆ, ಅಷ್ಟೇ.

ಕೆಲಸದ ಟೆನ್ಷನ್ ಸುಳ್ಳು ಅಂತ ನಾನು ಹೇಳುವುದಿಲ್ಲ. ಪುಣೆಯಲ್ಲಿ ನಿಮ್ಮ ಹಿಂಜೇವಾಡಿಯ ಆಫೀಸುಗಳ ಗೇಟಿನ ಹೊರಗೆ ಟಪರಿಯ, ಆ ಗೂಡಂಗಡಿಯ ಹತ್ತಿರ ನಿಂತಿರುವ ಮಕ್ಕಳ ಮುಖ ನಾನು ನೋಡಿದ್ದೇನೆ. ರಾತ್ರಿ ಕಾಲ್ ಮುಗಿಸಿ ಬಂದವರು. ಸೇದಿದ ಕೂಡಲೇ ಹಗುರ ಅನ್ನಿಸುತ್ತದೆ, ಅಲ್ವಾ? ಎರಡು ಗಂಟೆಗೆ ನಿಕೋಟಿನ್ ಅರ್ಧ ಇಳಿಯುತ್ತದೆ. ಆಗ ಮೈ ಚಡಪಡಿಸುತ್ತದೆ. ಮುಂದಿನ ಸಿಗರೇಟು ಆ ಚಡಪಡಿಕೆಯನ್ನು ಇಳಿಸುತ್ತದೆ. ಆಫೀಸಿನ ಟೆನ್ಷನ್ ಇದ್ದಲ್ಲೇ ಇರುತ್ತದೆ. ಬಿಟ್ಟ ಮೂರನೆಯ ತಿಂಗಳಿಗೆ ನನಗೆ ಇದು ಗೊತ್ತಾಯಿತು. ಅದೇ ಆಫೀಸು, ಅದೇ ಸಾಹೇಬರು, ನಾನು ಮಾತ್ರ ಸ್ವಲ್ಪ ಸಮಾಧಾನದಲ್ಲಿದ್ದೆ.

ಒಂದು ಮಾತು ನಿನ್ನಲ್ಲಿ ಕ್ಷಮೆ ಕೇಳುವುದಿದೆ. ನಾವು ಚಾಳಿನ ಒಂದು ಕೋಣೆಯಲ್ಲಿದ್ದಾಗ ನಾನು ಕಿಟಕಿಯ ಹತ್ತಿರ ನಿಂತು ಸೇದುತ್ತಿದ್ದೆ. ಹೊಗೆ ಹೊರಗೆ ಹೋಗುತ್ತದೆ ಅಂದುಕೊಂಡಿದ್ದೆ. ಅದು ಪರದೆಯಲ್ಲಿ, ಹಾಸಿಗೆಯಲ್ಲಿ, ನಿನ್ನ ಫ್ರಾಕಿನಲ್ಲಿ ಕೂರುತ್ತಿತ್ತು. ನಾಲ್ಕು ವರ್ಷದವಳಿದ್ದಾಗ ಮಳೆಗಾಲದಲ್ಲಿ ನಿನಗೆ ಎದೆ ಸುಯ್ ಸುಯ್ ಅನ್ನುತ್ತಿತ್ತು. ಮಾಸ್ಕ್ ಹಾಕಿಸಿ ಔಷಧಿಯ ಹಬೆ ಕೊಡಿಸುವಾಗ ನೀನು ನನ್ನ ಹೆಬ್ಬೆರಳು ಹಿಡಿದುಕೊಂಡಿರುತ್ತಿದ್ದೆ. ಹಬೆ ಮುಗಿಸಿ ನಿನ್ನನ್ನು ಅಮ್ಮನ ಕೈಗೆ ಕೊಟ್ಟು, ನಾನು ಆಸ್ಪತ್ರೆಯ ಹೊರಗೆ ಹೋಗಿ ಸೇದುತ್ತಿದ್ದೆ. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ. ತಪ್ಪಾಯಿತು ಮಗಾ.

ಬಿಡಬೇಕು ಅಂತ ನಿನಗೇ ಅನ್ನಿಸಿದ ದಿನ ಹೇಳು. ಆಸೆ ಎದ್ದರೆ ಐದು ನಿಮಿಷ, ಅಷ್ಟೇ ಅದರ ಜೋರು, ಆಮೇಲೆ ಇಳಿಯುತ್ತದೆ. ಆ ಐದು ನಿಮಿಷ ನನಗೆ ಫೋನ್ ಮಾಡು. ರಾತ್ರಿ ಎರಡಾದರೂ ಪರವಾಗಿಲ್ಲ. ಏನೂ ಕೇಳುವುದಿಲ್ಲ, ಸುಮ್ನೆ ಊರಿನ ಸುದ್ದಿ ಹೇಳುತ್ತೇನೆ. ನಡುವೆ ಒಂದು ದಿನ ಸೇದಿಬಿಟ್ಟರೂ ಹೇಳು. ನಾನೂ ಮೊದಲು ಎರಡು ಸಲ ಬಿಟ್ಟು ಮತ್ತೆ ಹಿಡಿದವನೇ.

ಬರುವ ಶನಿವಾರ ಪುಣೆಗೆ ಬರುತ್ತಿದ್ದೇನೆ. ಅಮ್ಮ ಬಾಲ್ಕನಿಯ ಕುಂಡದಿಂದ ಅರಸಿನ ಎಲೆ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಡುತ್ತಾಳಂತೆ. ಕಡುಬು ನಾನೇ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಪರ್ವತಿ ಗುಡ್ಡದ ದೇವಸ್ಥಾನಕ್ಕೆ ಹೋಗೋಣ. ಎರಡು ವರ್ಷದ ಹಿಂದೆ ನೀನು, ಅಮ್ಮ, ತಮ್ಮ ಮೇಲೆ ಹೋದಿರಿ. ನಾನು ಚಪ್ಪಲಿ ನೋಡಿಕೊಳ್ಳುತ್ತೇನೆ ಅಂತ ಕೆಳಗೇ ಕೂತಿದ್ದೆ. ಈ ಸಲ ನಾನೂ ಹತ್ತುತ್ತೇನೆ.

ನಿನ್ನ
ಅಪ್ಪಯ್ಯ