ಎರಡು ದೃಶ್ಯದವನಿಗೆ

ಮೈಸೂರು
ಭಾನುವಾರ ರಾತ್ರಿ

ಚಿ. ಸುಹಾಸನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಮೂರು ಪುಟದ ಕಾಗದದಲ್ಲಿ ಒಂದೇ ಒಂದು ಸಾಲು ನನ್ನನ್ನು ಎರಡು ರಾತ್ರಿ ಮಲಗಲು ಬಿಡಲಿಲ್ಲ. ‘ಮೂವತ್ತೆಂಟಾಯ್ತು ಮಾವ. ಡಾಕ್ಟರ್ ಆಯ್ತು, ಟ್ಯಾಕ್ಸಿಯವನು ಆಯ್ತು, ಮೋಟೆಲ್ ಮಾಲೀಕ ಆಯ್ತು, ಈಗ ಮೆಡಿಕಲ್ ಶಾಪಿನವನು. ಕೊನೇವರೆಗೂ ಎರಡು ದೃಶ್ಯದವನಾಗೇ ಉಳಿದುಬಿಡ್ತೀನೇನೋ.’

ಎರಡು ದೃಶ್ಯದವನು. ಸಿನಿಮಾದಲ್ಲಿ ಎರಡೇ ದೃಶ್ಯಕ್ಕೆ ಬಂದುಹೋಗುವ ನಟ ಅನ್ನುವುದನ್ನು ನೀನು ಬೈಗುಳದ ಹಾಗೆ ಬರೆದಿದ್ದೀಯ. ನನ್ನ ಕಿವಿಗೆ ಹಾಗೆ ಬೀಳುವುದಿಲ್ಲ. ಆದರೆ ಲಾಸ್ ಏಂಜಲೀಸಿನಲ್ಲಿ ತಿಂಗಳು ತಿಂಗಳು ಬಾಡಿಗೆ ಕಟ್ಟುವವನು ನೀನು, ಇಲ್ಲಿ ಕೂತು ಮಾತಾಡುವವನು ನಾನು. ಅದು ನೆನಪಿದೆ, ಅದಕ್ಕೇ ಹೇಳಲು ಸಂಕೋಚವಾಗುತ್ತದೆ.

ಹಾಲಿವುಡ್ ನಟ ನೆಡ್ ಬೀಟಿಯನ್ನು ನೀನು ನೋಡಿರುತ್ತೀಯ, ಹೆಸರು ಥಟ್ಟನೆ ಹೊಳೆಯಲಿಕ್ಕಿಲ್ಲ. 1978ರ ‘ಸೂಪರ್‌ಮ್ಯಾನ್’ನಲ್ಲಿ ಖಳನಾಯಕ ಲೆಕ್ಸ್ ಲೂಥರನ ಹಿಂದೆ ಮುಂದೆ ಓಡಾಡುವ ಪೆದ್ದ, ಓಟಿಸ್. ಅವನೇ. ಹುಟ್ಟಿದ್ದು 1937ರಲ್ಲಿ, ಕೆಂಟಕಿಯ ಲೂಯಿವಿಲ್‌ನಲ್ಲಿ. ಗಿಡ್ಡ, ದಪ್ಪ, ಬಟ್ಟಲು ಮುಖ, ಬೇಗ ಹಿಂದೆ ಸರಿದ ಕೂದಲು. ಹಾಲಿವುಡ್ಡಿನಲ್ಲಿ ಈ ರೂಪಕ್ಕೆ ನಾಯಕನ ಪಾತ್ರ ಯಾರೂ ಕೊಡುವುದಿಲ್ಲ. 1956ರಲ್ಲಿ, 19ನೇ ವಯಸ್ಸಿಗೆ, ಬೆರಿಯಾ ಎಂಬ ಊರಿನ ಬಯಲು ನಾಟಕದಲ್ಲಿ ಬಣ್ಣ ಹಚ್ಚಿದ. ಆಮೇಲೆ ವರ್ಜೀನಿಯಾದ ಆಬಿಂಗ್ಡನ್‌ನಲ್ಲಿರುವ ಬಾರ್ಟರ್ ಥಿಯೇಟರ್. 1933ರ ಆರ್ಥಿಕ ಮುಗ್ಗಟ್ಟಿನಲ್ಲಿ ಶುರುವಾದ ರಂಗಮಂದಿರ ಅದು, ಟಿಕೆಟ್ಟಿಗೆ ಕಾಸಿಲ್ಲದ ರೈತರು ತರಕಾರಿ, ಹಾಲು ಕೊಟ್ಟು ನಾಟಕ ನೋಡಬಹುದಿತ್ತು. ಬೀಟಿ ಅಲ್ಲಿ ವರ್ಷಗಟ್ಟಲೆ ದುಡಿದ. 1966ರಲ್ಲಿ ಲೂಯಿವಿಲ್‌ನಲ್ಲಿ, ಇನ್ನೂ ಮೂವತ್ತು ತುಂಬಿರಲಿಲ್ಲ, ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕದಲ್ಲಿ ಅರವತ್ತು ದಾಟಿದ ವಿಲ್ಲಿ ಲೋಮನ್‌ನ ಪಾತ್ರ ಮಾಡಿದ. ವಾಷಿಂಗ್ಟನ್ನಿನ ಅರೀನಾ ಸ್ಟೇಜ್ ರಂಗಮಂದಿರದಲ್ಲೂ ನಟಿಸಿದ. ಮೊದಲ ಸಿನಿಮಾ ‘ಡೆಲಿವರೆನ್ಸ್’ ತೆರೆಗೆ ಬಂದದ್ದು 1972ರಲ್ಲಿ, ಅವನಿಗಾಗ 35.

ನಿನಗೆ 38 ಅಂತ ಬರೆದಿದ್ದೀಯಲ್ಲ, ಅದಕ್ಕೇ ಇಷ್ಟು ಲೆಕ್ಕ ಹಾಕಿದೆ. ಲೆಕ್ಕದಿಂದ ಹೆದರಿಕೆ ಹೋಗುವುದಿಲ್ಲ, ಬಲ್ಲೆ.

1976ನೇ ಇಸವಿ ಒಂದನ್ನೇ ತೆಗೆದುಕೋ. ‘ಆಲ್ ದ ಪ್ರೆಸಿಡೆಂಟ್ಸ್ ಮೆನ್’ನಲ್ಲಿ ಮಯಾಮಿಯ ಸರ್ಕಾರಿ ತನಿಖಾಧಿಕಾರಿ, ಪತ್ರಕರ್ತನನ್ನು ಹೊರಗೆ ಕಾಯಿಸಿ ಕಾಯಿಸಿ ಸತಾಯಿಸುವವನು. ‘ಸಿಲ್ವರ್ ಸ್ಟ್ರೀಕ್’ನಲ್ಲಿ ರೈಲಿನಲ್ಲಿ ಹರಟುವ ವಿಟಮಿನ್ ಮಾರಾಟಗಾರ, ನಿಜದಲ್ಲಿ ಎಫ್‌ಬಿಐನವನು. ‘ಮೈಕಿ ಅಂಡ್ ನಿಕಿ’ಯಲ್ಲಿ ಸುಪಾರಿ ಹಂತಕ. ‘ನೆಟ್‌ವರ್ಕ್’ನಲ್ಲಿ ಲೋಕವನ್ನೇ ಕೊಂಡುಕೊಂಡಂತಿರುವ ಕಂಪನಿಯ ಅಧ್ಯಕ್ಷ. ಅದೇ ದೇಹ, ಅದೇ ಬಟ್ಟಲು ಮುಖ. ಮೂಗು ಅಂಟಿಸಿಕೊಂಡಿಲ್ಲ, ಮೀಸೆಯ ಹಿಂದೆ ಅಡಗಿಲ್ಲ. ಬದಲಾದದ್ದು ಕೋಣೆಯಲ್ಲಿ ತನಗೆಷ್ಟು ಹಕ್ಕಿದೆ ಅನ್ನುವ ಲೆಕ್ಕ. ತನಿಖಾಧಿಕಾರಿಗೆ ಅದು ತನ್ನ ಕಚೇರಿ, ಆದರೂ ಕೆಲಸ ಮೈಮೇಲೆ ಬಿದ್ದಿದೆ, ಹಾಗಾಗಿ ಅವಸರ. ಅಧ್ಯಕ್ಷನಿಗೆ ಕೋಣೆಯೂ ತನ್ನದೇ, ಗಾಳಿಯೂ ತನ್ನದೇ, ಅವಸರವೇ ಇಲ್ಲ. ನಿನ್ನ ಡಾಕ್ಟರ್ ಮತ್ತು ಮೋಟೆಲ್ ಮಾಲೀಕ ಇಬ್ಬರನ್ನೂ ನೋಡಿದೆ. ಇಬ್ಬರೂ ಒಂದೇ ಥರ ನಿಲ್ಲುತ್ತಾರೆ ಕಣೋ. ಹೇಳಬಾರದಿತ್ತೇನೋ, ಆದರೆ ಹೇಳದೆ ಇದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. ಮೋಟೆಲ್ ಅವನದ್ದು, ಕೌಂಟರ್ ಅವನದ್ದು. ಗಿರಾಕಿ ಬಂದಾಗ ಅವನು ನೆಟ್ಟಗಾಗಬೇಕಾಗಿಲ್ಲ.

‘ನೆಟ್‌ವರ್ಕ್’ನ ಆ ದೃಶ್ಯವನ್ನು ಮತ್ತೊಮ್ಮೆ ಹಾಕಿಕೊಂಡು ನೋಡು, ಮೊದಲ ಸಲ ಧ್ವನಿ ಪೂರ್ತಿ ಬಂದ್ ಮಾಡಿ. ನಿರ್ದೇಶಕ ಸಿಡ್ನಿ ಲ್ಯುಮೆಟ್, ಬರೆದವನು ಪ್ಯಾಡಿ ಚಯೆಫ್‌ಸ್ಕಿ, ಚಿತ್ರೀಕರಣ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಸಭಾಕೋಣೆಯಲ್ಲಿ. ಬೀಟಿಯ ಪಾಲಿಗೆ ಬಂದ ದೊಡ್ಡ ದೃಶ್ಯ ಅದೊಂದೇ, ಐದಾರು ನಿಮಿಷದ್ದು. ಟಿವಿಯಲ್ಲಿ ಕೂಗಾಡಿ ಕಂಪನಿಯ ವ್ಯಾಪಾರ ಕೆಡಿಸಿದವನನ್ನು (ಪೀಟರ್ ಫಿಂಚ್) ಅಧ್ಯಕ್ಷ ಒಳಗೆ ಕರೆದುಕೊಂಡು ಬರುತ್ತಾನೆ. ಆರಂಭದ ಮಾತು ಮೆತ್ತಗೆ, ಮನೆಗೆ ಬಂದ ನೆಂಟನ ಹತ್ತಿರ ಆಡುವ ಹಾಗೆ. ಆಮೇಲೆ ಪರದೆ ಎಳೆಯುತ್ತಾನೆ. ಕತ್ತಲೆ. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಹಸಿರು ದೀಪಗಳು, ಆ ತುದಿಯಲ್ಲಿ ಗಿಡ್ಡ ಮನುಷ್ಯ. ಆಗ ಸಿಡಿಲು ಹೊಡೆದ ಹಾಗೆ ಮೊದಲ ಸಾಲು. ದೇಶಗಳಿಲ್ಲ, ಜನಗಳಿಲ್ಲ, ಇರುವುದು ಡಾಲರಿನ ಹರಿವೊಂದೇ ಎಂದು ಧರ್ಮೋಪದೇಶದ ಧಾಟಿಯಲ್ಲಿ ಗುಡುಗುತ್ತಾನೆ. ಕೊನೆಗೆ ಮೇಜಿನ ಉದ್ದಕ್ಕೂ ನಡೆದು ಬಂದು, ಫಿಂಚನ ಪಕ್ಕದಲ್ಲಿ, ಮಗುವಿಗೆ ಕಥೆ ಹೇಳುವ ಧ್ವನಿಗೆ ಇಳಿಯುತ್ತಾನೆ.

ಮೂರು ಮಟ್ಟ, ನೋಡು. ಅದನ್ನು ಅನುಕರಿಸುವ ಹುಡುಗರೆಲ್ಲ ಗುಡುಗನ್ನು ಮಾತ್ರ ಹಿಡಿದುಕೊಳ್ಳುತ್ತಾರೆ. ಮೊದಲ ಸಾಲಿನಿಂದಲೇ ಮೇಲಿನ ಸ್ವರ ಹಿಡಿದರೆ ಎರಡನೇ ನಿಮಿಷಕ್ಕೆ ಹೋಗಲು ಜಾಗವಿರುವುದಿಲ್ಲ, ಗಂಟಲು ಬಿಗಿಯುತ್ತದೆ, ಮಾತಿನ ಕೊನೆಯ ಅಕ್ಷರ ನುಂಗಿಹೋಗುತ್ತದೆ. ಬೀಟಿ ಹುಡುಗನಿದ್ದಾಗ ಚರ್ಚಿನಲ್ಲಿ ಹಾಡುತ್ತಿದ್ದವನು, ಕಾಲೇಜಿಗೆ ಹೋದದ್ದೂ ಸಂಗೀತದ ವಿದ್ಯಾರ್ಥಿವೇತನದ ಮೇಲೆ. ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು ಎಂಬುದು ಅವನಿಗೆ ಹಾಡಿನಿಂದಲೇ ಬಂದಿರಬೇಕು. ಮಧ್ಯೆ ಕಂಪನಿಗಳ ಹೆಸರಿನ ಒಂದು ಪಟ್ಟಿ ಬರುತ್ತದೆ. ಪಟ್ಟಿ ಅಂದರೆ ಎಂಥ ನಟನಿಗೂ ವೇಗ ಹೆಚ್ಚುತ್ತದೆ, ಬೇಗ ಮುಗಿಸೋಣ ಅನ್ನಿಸುತ್ತದೆ. ಅವನು ಒಂದೊಂದು ಹೆಸರಿಗೂ ತೂಕ ಕೊಡುತ್ತಾನೆ, ದೇವರ ನಾಮಾವಳಿ ಹೇಳುವವನಂತೆ.

ಆ ಒಂದು ದೃಶ್ಯಕ್ಕೆ ಅತ್ಯುತ್ತಮ ಪೋಷಕ ನಟ ಆಸ್ಕರಿಗೆ ನಾಮನಿರ್ದೇಶನವಾಯಿತು. ಸಿಗಲಿಲ್ಲ. ಸಿಕ್ಕಿದ್ದು ಜೇಸನ್ ರೋಬಾರ್ಡ್ಸ್‌ಗೆ, ಅದೂ ಬೀಟಿಯೇ ತನಿಖಾಧಿಕಾರಿಯಾಗಿ ನಟಿಸಿದ್ದ ಇನ್ನೊಂದು ಚಿತ್ರಕ್ಕೆ. ಅದೇ ‘ನೆಟ್‌ವರ್ಕ್’ನಲ್ಲಿ ಹೆಂಡತಿಯ ಪಾತ್ರ ಮಾಡಿದ ಬಿಯಾಟ್ರಿಸ್ ಸ್ಟ್ರೇಟ್ ತೆರೆಯ ಮೇಲಿರುವುದು ಸುಮಾರು ಐದೇ ನಿಮಿಷ. ಅವರು ಪೋಷಕ ನಟಿ ಆಸ್ಕರ್ ಗೆದ್ದರು. ಎರಡು ದೃಶ್ಯದವರ ವಿಷಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಹತ್ತಿರ ಇಲ್ಲ.

ನಾಟಕ ಆಡಿಸುತ್ತಿದ್ದ ಕಾಲದಲ್ಲಿ ನಾನು ಸಣ್ಣ ಪಾತ್ರದವರನ್ನು ಕೊನೆಗೆ ಕರೆಯುತ್ತಿದ್ದೆ. ಯಾವ ಕಡೆಯಿಂದ ಬರಬೇಕು, ಎಲ್ಲಿ ನಿಲ್ಲಬೇಕು, ಅಷ್ಟು ಹೇಳಿ ಕಳಿಸುತ್ತಿದ್ದೆ. ಆ ಮನುಷ್ಯ ಯಾರು ಎಂದು ಒಬ್ಬರಿಗೂ ಕೂತು ಹೇಳಲಿಲ್ಲ. ನಿನ್ನ ಸಾಲು ಓದಿದಾಗ ಅವರ ಮುಖಗಳೇ ಎದುರಿಗೆ ಬಂದವು. ನಮ್ಮ ಭಾಷೆಯಲ್ಲಿ ಅವರನ್ನು ಪೋಷಕ ನಟರು ಅನ್ನುತ್ತೇವೆ, ಕಥೆಯನ್ನು ಸಾಕುವವರು. ಪದವನ್ನು ಬಾಯಲ್ಲಿ ಇಟ್ಟುಕೊಂಡು ಕೆಲಸದಲ್ಲಿ ಮರೆತವನು ನಾನು.

ಇರಲಿ. ನಿನ್ನ ಮೆಡಿಕಲ್ ಶಾಪಿನವನಿಗೆ ಬರುತ್ತೇನೆ. ಮೊದಲ ದೃಶ್ಯದಲ್ಲಿ ಆ ಹೆಂಗಸಿಗೆ ಮಾತ್ರೆ ಕೊಡುತ್ತಾನೆ, ಎರಡನೆಯದರಲ್ಲಿ ಪೊಲೀಸರ ಮುಂದೆ ಡಬ್ಬಿಯನ್ನು ಗುರುತಿಸುತ್ತಾನೆ, ಅಷ್ಟೇ ಎಂದಿದ್ದೀಯ. ಅಷ್ಟೇ ಅಲ್ಲವಲ್ಲ. ಎರಡನೇ ಸಲ ಅದೇ ಡಬ್ಬಿ ಅವನ ಕೈಗೆ ಬರುವಾಗ ಅವಳು ಸತ್ತಿದ್ದಾಳೆ. ಇಡೀ ಚಿತ್ರಕಥೆ ಕೇಳಿ ಓದು, ಕೊಡದಿದ್ದರೆ ನಿನ್ನ ಹಿಂದಿನ ಮುಂದಿನ ದೃಶ್ಯವನ್ನಾದರೂ ಕೇಳು.

ಅಮೆರಿಕದ ಫಾರ್ಮಸಿಗಳಲ್ಲಿ ಮಾತ್ರೆಗಳನ್ನು ತಟ್ಟೆಯ ಮೇಲೆ ಸುರಿದು ಚಪ್ಪಟೆ ಚಮಚದಂಥದ್ದರಲ್ಲಿ ಐದೈದಾಗಿ ಸರಿಸಿ ಎಣಿಸುತ್ತಾರೆ. ನಿನ್ನ ಮನೆ ಹತ್ತಿರದ ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ನೋಡು. ಕಡಲೆಬೇಳೆ ಸುರಿದುಕೊಂಡು ಮೂವತ್ತು ಎಣಿಸುವುದನ್ನು ಕೈಗೆ ಅಭ್ಯಾಸ ಮಾಡಿಸು, ಕಣ್ಣು ಬೇರೆ ಕಡೆ ಇದ್ದರೂ ಕೈ ತಪ್ಪಬಾರದು. ಯಾವ ಪದಕ್ಕೆ ಕೈ ನಿಲ್ಲುತ್ತದೆ ಎಂದು ಒಂದು ಸಲ ತೀರ್ಮಾನಿಸಿದರೆ ಪ್ರತಿ ಟೇಕಿನಲ್ಲೂ ಅದೇ ಪದ. ಇಲ್ಲದಿದ್ದರೆ ಸಂಕಲನದಲ್ಲಿ ಒಂದು ಶಾಟಿಗೆ ಇನ್ನೊಂದು ಕೂಡುವುದಿಲ್ಲ, ಕೂಡದಿದ್ದರೆ ನಿನ್ನನ್ನು ಬಿಟ್ಟು ನಾಯಕಿಯ ಮುಖಕ್ಕೆ ಹೋಗುತ್ತಾರೆ. ಮಾತ್ರೆ ಡಬ್ಬಿಗೆ ಬೀಳುವ ಸದ್ದು ಮಾತಿನ ಮೇಲೆ ಬಿದ್ದರೆ ಆ ಸಾಲೂ ಹಾಳು. ಎರಡು ಮಾತಿನ ನಡುವೆ ಸುರಿ. ಮಕ್ಕಳು ತೆಗೆಯಬಾರದೆಂದು ಮಾಡಿದ ಆ ಮುಚ್ಚಳ ಇದೆಯಲ್ಲ, ಒತ್ತಿ ತಿರುಗಿಸುವುದು, ಅದು ಹೊಸಬನ ಕೈಯಲ್ಲಿ ಖಂಡಿತ ಸಿಕ್ಕಿಕೊಳ್ಳುತ್ತದೆ. ಖಾಲಿ ಡಬ್ಬಿ ಒಂದನ್ನು ಮನೆಯಲ್ಲಿಟ್ಟುಕೋ.

ಇನ್ನೊಂದು. ಮೊದಲು ಇಡೀ ದೃಶ್ಯವನ್ನು ದೂರದಿಂದ ತೆಗೆಯುತ್ತಾರೆ, ಆಮೇಲೆ ಸಾಮಾನ್ಯವಾಗಿ ಅವಳ ಹತ್ತಿರದ ಶಾಟು, ನಿನ್ನದು ಕೊನೆಗೆ, ಮೂರು ನಾಲ್ಕು ಗಂಟೆ ಕಳೆದ ಮೇಲೆ. ದೂರದ ಶಾಟಿನಲ್ಲೇ ಎಲ್ಲ ಸುರಿದುಬಿಡಬೇಡ. ಆದರೆ ಅವಳ ಸರದಿಯಲ್ಲಿ ಕ್ಯಾಮೆರಾದ ಹಿಂದೆ ನಿಂತು ಸಾಲು ಹೇಳುವಾಗ ಸಪ್ಪೆಯಾಗಿಯೂ ಓದಬೇಡ. ಅವಳಿಗೆ ಎದುರಾಳಿ ಬೇಕಲ್ಲ.

ಕಳಿಸಿದ್ದ ಆಡಿಷನ್ ಟೇಪಿನಲ್ಲಿ ನಿನಗಿಂತ ಸಾಲು ಓದಿಕೊಡುವವರ ಧ್ವನಿಯೇ ಜೋರಾಗಿದೆ. ಅವರು ಮೈಕಿಗೆ ಹತ್ತಿರ ಇದ್ದಾರೆ, ಮೆಲ್ಲಗೆ ಓದಲು ಹೇಳು. ಫೋನು ನಿನ್ನ ಕಣ್ಣಿನ ಎತ್ತರಕ್ಕಿರಲಿ, ಅವರು ಲೆನ್ಸಿಗೆ ಅಂಟಿಕೊಂಡಂತೆ ಪಕ್ಕದಲ್ಲಿ ನಿಲ್ಲಲಿ. ಈಗ ದೂರ ಕೂತಿದ್ದಾರೆ, ನಿನ್ನ ಅರ್ಧ ಮುಖವೇ ಕಾಣುತ್ತದೆ. ಇವೆಲ್ಲ ನಿನಗೆ ಗೊತ್ತಿರುವುದೇ ಇರಬಹುದು, ಬೇಸರಿಸಬೇಡ.

ಮತ್ತೆ ಆ ಸಾಲಿಗೇ ಬಂದೆ ನೋಡು. ನಿನ್ನ ಹೆದರಿಕೆಯಲ್ಲಿ ಇನ್ನೊಂದು ಮುಖವೂ ಇದೆ ಅನ್ನಿಸುತ್ತದೆ. ಮರೆತುಹೋಗುತ್ತೇನೆ ಎನ್ನುವುದಕ್ಕಿಂತ, ತಪ್ಪು ಕಾರಣಕ್ಕೆ ನೆನಪಿಟ್ಟುಕೊಳ್ಳುತ್ತಾರೆ ಎಂಬ ಭಯ. ಪಾರ್ಟಿಯಲ್ಲಿ ಯಾರೋ ಟ್ಯಾಕ್ಸಿಯವನ ಉಚ್ಚಾರಣೆಯಲ್ಲಿ ನಿನ್ನನ್ನು ಮಾತಾಡಿಸಿದರು ಎಂದಿದ್ದೀಯ. ಬೀಟಿಗೆ ಅದು ಬಹಳ ಕ್ರೂರವಾಗಿ ಆಯಿತು. ‘ಡೆಲಿವರೆನ್ಸ್’ನಲ್ಲಿ ಅವನದು ಬಲಾತ್ಕಾರಕ್ಕೊಳಗಾಗುವ ಗಂಡಸಿನ ಪಾತ್ರ. ಆ ದೃಶ್ಯದ ಒಂದು ಮಾತನ್ನು ಜನ ಬೀದಿಯಲ್ಲಿ ಅವನತ್ತ ಕೂಗುತ್ತಿದ್ದರು, ವರ್ಷಗಟ್ಟಲೆ. ಗಂಡಸರೂ ಆ ಭಯವನ್ನು ಹೊತ್ತು ಬದುಕಬೇಕಾಗಿದ್ದರೆ ಹೇಗಿರುತ್ತಿತ್ತು ಎಂದು ಕೇಳಿ 1989ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಲೇಖನ ಬರೆದ. ಆ ಪಾತ್ರವನ್ನು ತನ್ನದಲ್ಲ ಎನ್ನಲಿಲ್ಲ. ಮುಂದಿನ ಪಾತ್ರ ಅದರಂತೆ ಇರದ ಹಾಗೆ ನೋಡಿಕೊಂಡ. ‘ಡೆಲಿವರೆನ್ಸ್’ ಬಂದ ಮರುವರ್ಷವೇ ‘ವೈಟ್ ಲೈಟ್ನಿಂಗ್’ನಲ್ಲಿ ಊರನ್ನೇ ನಡುಗಿಸುವ ಭ್ರಷ್ಟ ಶೆರಿಫ್. 1975ರ ‘ನ್ಯಾಶ್‌ವಿಲ್’ನಲ್ಲಿ ಕಿವಿ ಕೇಳದ ಮಕ್ಕಳ ತಂದೆ. ತಾಯಿ ಕೈಸನ್ನೆಯಲ್ಲಿ ಮಕ್ಕಳ ಜೊತೆ ಮಾತಾಡುತ್ತಾಳೆ, ಇವನಿಗೆ ಅದು ತಿಳಿಯದು. ತನ್ನ ಮನೆಯ ಊಟದ ಮೇಜಿನಲ್ಲೇ ಪರಕೀಯನಾದವನ ಆ ಪೆಚ್ಚು ಮುಖ ನನಗೆ ಇವತ್ತಿಗೂ ಮರೆಯುವುದಿಲ್ಲ.

ನಿನಗೆ ಟ್ಯಾಕ್ಸಿಯವನ ಪಾತ್ರ ಮತ್ತೆ ಬಂದರೆ ಬೇಡ ಎನ್ನುವ ಶಕ್ತಿ ಇದೆಯೋ ಇಲ್ಲವೋ, ಕೈಯಲ್ಲಿರುವ ದುಡ್ಡು ಹೇಳಬೇಕು. ಉಚ್ಚಾರಣೆ ಕೇಳಿದರೆ ಯಾವ ಊರಿನವನು ಎಂದು ತಿರುಗಿ ಕೇಳು. ಧಾರವಾಡದವನ ಇಂಗ್ಲಿಷು ಬೇರೆ, ಅಮೃತಸರದವನದು ಬೇರೆ. ಊರು ಗೊತ್ತಾದರೆ ಅವನು ಮನುಷ್ಯನಾಗುತ್ತಾನೆ. ಹಣ ಬೇಕಿದ್ದರೆ ಕೂಡಲೇ ಬರೆ, ನಿಮ್ಮಮ್ಮನಿಗೆ ತಿಳಿಯಬೇಕಾಗಿಲ್ಲ.

2010ರಲ್ಲಿ, 72ನೇ ವಯಸ್ಸಿನಲ್ಲಿ, ‘ಟಾಯ್ ಸ್ಟೋರಿ 3’ರ ಸ್ಟ್ರಾಬೆರಿ ವಾಸನೆಯ ಗುಲಾಬಿ ಕರಡಿಗೆ ಬೀಟಿ ಧ್ವನಿ ಕೊಟ್ಟ. ಅಜ್ಜನಂಥ ಬೆಚ್ಚನೆಯ ದಕ್ಷಿಣದ ಮಾತು, ಒಳಗೆ ವಿಷ. ಮುಖವೇ ಇಲ್ಲದ ಪಾತ್ರ ಅದು, ಆದರೂ ‘ನೆಟ್‌ವರ್ಕ್’ನ ಆ ಕೋಣೆಯಲ್ಲಿ ಕೇಳಿದ ಮೆತ್ತನೆಯ ಮೊದಲ ಮಾತು ಅಲ್ಲಿದೆ, ಕಿವಿಗೊಟ್ಟು ಕೇಳು. 2021ರಲ್ಲಿ ತೀರಿಕೊಂಡಾಗ ನೂರೈವತ್ತಕ್ಕೂ ಹೆಚ್ಚು ಪಾತ್ರಗಳಾಗಿದ್ದವು. ಅವುಗಳಲ್ಲಿ ಎಷ್ಟೋ ಎರಡು ದೃಶ್ಯದವೇ, ಸುಹಾಸ.

ನಿನ್ನ ಚಿತ್ರೀಕರಣಕ್ಕೆ ಇನ್ನು ಹನ್ನೆರಡು ದಿನ ಇದೆ. ಮೊದಲ ದೃಶ್ಯದಲ್ಲಿ ಲೇಬಲ್ ಓದುವಾಗ ಅವನು ಕನ್ನಡಕ ಹಾಕಿಕೊಳ್ಳುತ್ತಾನೆ ಎಂದಿದೆಯಲ್ಲ. ಎರಡನೇ ದೃಶ್ಯದಲ್ಲಿ ಪೊಲೀಸರು ಅದೇ ಡಬ್ಬಿ ಮುಂದಿಟ್ಟಾಗ ಹಾಕಿಕೊಳ್ಳುತ್ತಾನೋ, ಹಾಕಿಕೊಳ್ಳದೆಯೇ ಗುರುತು ಹಿಡಿಯುತ್ತಾನೋ? ತೀರ್ಮಾನವಾದ ಮೇಲೆ ನನಗೆ ಬರೆ.

ನಿನ್ನ ಪ್ರೀತಿಯ
ಮಾವ